ಅಟ್ಟದ ಕೊಬ್ಬರಿ, ಮೈಯ ಕೊಬ್ಬು : ಕ್ಯಾಲೊರಿ ಲೆಕ್ಕದ ಇತಿಹಾಸ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದ ಮನೆಗಳಲ್ಲಿ ಅಟ್ಟಕ್ಕೆ ಒಂದು ವಿಶೇಷ ಸ್ಥಾನವಿದೆ. ಬಲಿತ ತೆಂಗಿನಕಾಯಿಗಳನ್ನು ಕಿತ್ತು, ಸುಲಿಯದೆ ಹಾಗೆಯೇ ಅಟ್ಟಕ್ಕೆ ಏರಿಸುತ್ತಾರೆ. ಎಂಟು ಹತ್ತು ತಿಂಗಳು ಅವು ಅಲ್ಲಿ ಕೂತಿರುತ್ತವೆ. ಒಳಗಿನ ನೀರು ನಿಧಾನವಾಗಿ ಆರುತ್ತದೆ, ತಿರುಳು ಕುಗ್ಗಿ ಚಿಪ್ಪಿನಿಂದ ಬಿಡುತ್ತದೆ. ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಒಳಗೆ ಗಿಟುಕು ಉರುಳುವ ಸದ್ದು ಕೇಳುತ್ತದೆ. ಆಗ ಸುಲಿದು, ಚಿಪ್ಪು ಒಡೆದು, ಉಂಡೆ ಕೊಬ್ಬರಿಯನ್ನು ಚೀಲಕ್ಕೆ ತುಂಬಿ ತಿಪಟೂರಿನ ಮಾರುಕಟ್ಟೆಗೆ ಕಳಿಸುತ್ತಾರೆ.

ಈಗ ಒಂದು ಪ್ರಶ್ನೆ. ಅಟ್ಟದ ಮೇಲಿದ್ದ ಅಷ್ಟು ಕಾಲದಲ್ಲಿ ಕಾಯಿಯ ತಿರುಳು ತೂಕ ಕಳೆದುಕೊಂಡಿತಷ್ಟೆ. ಅದು ಕೊಬ್ಬು ಕಳೆದುಕೊಂಡಿತೆ?

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಪ್ರಕಟಿಸಿದ ಆಹಾರ ಕೋಷ್ಟಕಗಳನ್ನು ತೆರೆದು ನೋಡಿ. 100 ಗ್ರಾಂ ಹಸಿ ತೆಂಗಿನ ತಿರುಳಿನಲ್ಲಿ 36.3 ಗ್ರಾಂ ನೀರು, 41.6 ಗ್ರಾಂ ಕೊಬ್ಬು. ಅದರ ಶಕ್ತಿ 444 ಕಿಲೊಕ್ಯಾಲೊರಿ. 100 ಗ್ರಾಂ ಒಣ ಕೊಬ್ಬರಿಯಲ್ಲಿ 4.3 ಗ್ರಾಂ ನೀರು, 62.3 ಗ್ರಾಂ ಕೊಬ್ಬು. ಶಕ್ತಿ 662 ಕಿಲೊಕ್ಯಾಲೊರಿ. ಹಸಿ ತಿರುಳಿನ ನೀರಲ್ಲದ ಭಾಗ 63.7 ಗ್ರಾಂ. ಅದೇ ಭಾಗ ಒಣಗಿ ಕೊಬ್ಬರಿಯಾದಾಗ ಅದರ ತೂಕ ಸುಮಾರು 66.6 ಗ್ರಾಂ ಆಗುತ್ತದೆ. ಆ 66.6 ಗ್ರಾಂ ಕೊಬ್ಬರಿಯ ಶಕ್ತಿ ಎಷ್ಟು? ಗುಣಿಸಿದರೆ 441 ಕಿಲೊಕ್ಯಾಲೊರಿ! ತೂಕದಲ್ಲಿ ಮೂರನೆಯ ಒಂದು ಭಾಗ ಹೋಗಿದೆ, ಶಕ್ತಿ ಇದ್ದಷ್ಟೇ ಇದೆ. ಹೋದದ್ದು ಬರೀ ನೀರು.

ಇನ್ನೊಂದು ಕಾಯಿ ಅಟ್ಟದ ಮೂಲೆಯಲ್ಲಿ ತೇವ ಸಿಕ್ಕಿ ಮೊಳಕೆಯೊಡೆಯಿತು ಎನ್ನಿ. ಒಡೆದರೆ ಒಳಗೆ ಸ್ಪಂಜಿನಂಥ ಸಿಹಿಯಾದ ಉಂಡೆ, ಸುತ್ತ ತೆಳುವಾಗುತ್ತಿರುವ ತಿರುಳು. ಇಲ್ಲಿ ಸಸಿ ತಿರುಳಿನ ಕೊಬ್ಬನ್ನು ಕರಗಿಸಿ ಹೀರುತ್ತದೆ, ಅದರಲ್ಲಿ ಒಂದು ಪಾಲನ್ನು ಉಸಿರಾಟದಲ್ಲಿ ಉರಿಸಿ ಬೆಳೆಯುತ್ತದೆ. ಇದು ನಿಜವಾದ ಕ್ಯಾಲೊರಿ ದಹನ.

ನಮ್ಮ ಮೈಯ ತೂಕವೂ ಈ ಎರಡು ದಾರಿಗಳಲ್ಲಿ ಇಳಿಯುತ್ತದೆ. ಒಂದು ಒಣಗುವ ದಾರಿ, ಇನ್ನೊಂದು ಉರಿಯುವ ದಾರಿ. ಇವೆರಡನ್ನೂ ಬೇರೆ ಮಾಡಿ ನೋಡಲು ವಿಜ್ಞಾನಕ್ಕೆ ಸುಮಾರು ಮುನ್ನೂರು ವರ್ಷ ಬೇಕಾಯಿತು. ಆ ಲೆಕ್ಕ ತಪ್ಪಿದಾಗ ಜನ ಸತ್ತದ್ದೂ ಉಂಟು. ಅದರಲ್ಲೊಂದು ನಮ್ಮದೇ ನೆಲದ ಕತೆ.

ತಕ್ಕಡಿಯಲ್ಲಿ ಕೂತ ವೈದ್ಯ

ಇಟಲಿಯ ಪಡುವಾದಲ್ಲಿ ಸ್ಯಾಂಟೋರಿಯೊ ಎಂಬ ವೈದ್ಯನಿದ್ದ. ಅವನು ದೊಡ್ಡ ತಕ್ಕಡಿಯೊಂದಕ್ಕೆ ಕುರ್ಚಿ ತೂಗುಹಾಕಿ ಅದರಲ್ಲಿ ಕೂತು ಊಟ ಮಾಡುತ್ತಿದ್ದ. ತಿಂದದ್ದು, ಕುಡಿದದ್ದು, ಮಲ, ಮೂತ್ರ, ಎಲ್ಲವನ್ನೂ ತೂಗಿದ. ಸುಮಾರು ಮೂವತ್ತು ವರ್ಷ ಈ ಕೆಲಸ ನಡೆಸಿ, 1614ರಲ್ಲಿ ಪುಸ್ತಕ ಪ್ರಕಟಿಸಿದ. ಒಂದು ದಿನ ಎಂಟು ಪೌಂಡು ಅನ್ನಪಾನ ಒಳಗೆ ಹೋದರೆ, ಅದರಲ್ಲಿ ಐದು ಪೌಂಡು ಕಣ್ಣಿಗೆ ಕಾಣದೆ ಮಾಯವಾಗುತ್ತದೆ ಎಂಬುದು ಅವನ ಲೆಕ್ಕ. ಇದನ್ನು ಅವನು ಕಾಣದ ಬೆವರು ಎಂದು ಕರೆದ.

ಅಳತೆ ಸರಿಯಿತ್ತು, ಅರ್ಥ ಮಾತ್ರ ಪೂರ್ತಿ ಹೊಳೆದಿರಲಿಲ್ಲ. ಮಾಯವಾದುದರಲ್ಲಿ ದೊಡ್ಡ ಪಾಲು ಚರ್ಮದಿಂದ, ಶ್ವಾಸಕೋಶದಿಂದ ಹೋದ ನೀರಾವಿ. ಆದರೆ ಅದರೊಳಗೆ ಇಂಗಾಲವೂ ಸೇರಿತ್ತು. ಸಾಧಾರಣ ಕೆಲಸ ಮಾಡುವ ವಯಸ್ಕನೊಬ್ಬ ದಿನಕ್ಕೆ ಸುಮಾರು ಒಂದು ಕಿಲೊ ಕಾರ್ಬನ್ ಡೈಆಕ್ಸೈಡನ್ನು ಉಸಿರಿನಲ್ಲಿ ಬಿಡುತ್ತಾನೆ. ಅದರಲ್ಲಿ ಕಾಲು ಕಿಲೊಗಿಂತ ಸ್ವಲ್ಪ ಹೆಚ್ಚು ಇಂಗಾಲವಿರುತ್ತದೆ. ಅದು ಅವನು ಉಂಡ ಅನ್ನದ, ಮುದ್ದೆಯ, ಎಣ್ಣೆಯ ಇಂಗಾಲ. ಸ್ಯಾಂಟೋರಿಯೊ ಕಾಲಕ್ಕೆ ಅನಿಲಗಳ ರಸಾಯನಶಾಸ್ತ್ರ ಹುಟ್ಟಿಯೇ ಇರಲಿಲ್ಲ.

ಉಸಿರಾಟವೂ ಒಂದು ಉರಿ

ಆ ಕೊರತೆ ತುಂಬಿದವನು ಫ್ರಾನ್ಸಿನ ಲವಾಸಿಯೆ. ಅವನೂ ಗಣಿತಜ್ಞ ಲಾಪ್ಲಾಸನೂ ಸೇರಿ 1782-83ರ ಚಳಿಗಾಲದಲ್ಲಿ ಗಿನಿ ಹಂದಿಯೊಂದನ್ನು ಮಂಜುಗಡ್ಡೆ ತುಂಬಿದ ಪಾತ್ರೆಯೊಳಗೆ ಇಟ್ಟರು. ಪ್ರಾಣಿಯ ಮೈ ಶಾಖಕ್ಕೆ ಎಷ್ಟು ಮಂಜು ಕರಗಿತು ಎಂದು ತೂಗಿದರು. ಅದು ಎಷ್ಟು ಕಾರ್ಬನ್ ಡೈಆಕ್ಸೈಡು ಬಿಟ್ಟಿತು ಎಂದೂ ಅಳೆದರು. ಅಷ್ಟೇ ಕಾರ್ಬನ್ ಡೈಆಕ್ಸೈಡು ಬರುವಷ್ಟು ಇದ್ದಿಲು ಉರಿಸಿದಾಗ ಕರಗುವ ಮಂಜಿಗೂ ಇದಕ್ಕೂ ಹೋಲಿಸಿದರು. ಎರಡೂ ಹತ್ತಿರ ಹತ್ತಿರ ಬಂದವು. ಉಸಿರಾಟವೆಂದರೆ ಬಹು ನಿಧಾನವಾದ ದಹನ ಎಂದು ಅವರು ಹೇಳಿದರು.

ಮುಂದೆ ಸೆಗ್ವಿನ್ ಎಂಬ ಸಹಾಯಕನನ್ನೇ ಪ್ರಯೋಗಕ್ಕೆ ಕೂರಿಸಿ, ಉಂಡಾಗ, ಚಳಿಯಲ್ಲಿ, ದುಡಿಯುವಾಗ ಮನುಷ್ಯ ಹೆಚ್ಚು ಆಕ್ಸಿಜನ್ ಬಳಸುತ್ತಾನೆ ಎಂದು ಲವಾಸಿಯೆ ತೋರಿಸಿದ. 1789ರ ತನ್ನ ಪ್ರಬಂಧದಲ್ಲಿ ಅವನು ಒಂದು ಮಾತನ್ನು ಎತ್ತಿದ: ಮೈ ದಂಡಿಸಿ ದುಡಿಯುವ ಬಡವನಿಗೆ ಹೆಚ್ಚು ಆಹಾರ ಬೇಕು, ಸುಮ್ಮನೆ ಕೂತ ಸಿರಿವಂತನಿಗೆ ಕಡಿಮೆ ಸಾಕು, ಸಮಾಜದಲ್ಲಿ ಮಾತ್ರ ಹಂಚಿಕೆ ಇದಕ್ಕೆ ತಿರುಗುಮುರುಗಾಗಿದೆ. ಕ್ರಾಂತಿಯ ದಿನಗಳಲ್ಲಿ, 1794ರ ಮೇ 8ರಂದು ಲವಾಸಿಯೆಯ ತಲೆ ಕಡಿಯಲಾಯಿತು. ಅವನು ಎತ್ತಿದ ಮಾತು ಉಳಿಯಿತು.

ಕ್ಯಾಲೊರಿ ಎಂಬ ಹೆಸರು 1820ರ ದಶಕದಲ್ಲಿ ಪ್ಯಾರಿಸಿನ ನಿಕೊಲಾ ಕ್ಲೆಮಾಂ ತನ್ನ ಉಷ್ಣಯಂತ್ರಗಳ ಪಾಠಗಳಲ್ಲಿ ಬಳಸಿದ್ದು. ಒಂದು ಕಿಲೊ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾದ ಉಷ್ಣ ಅದು. ಇಂದು ನಾವು ಅದನ್ನು ಕಿಲೊಕ್ಯಾಲೊರಿ ಎನ್ನುತ್ತೇವೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ಬರೀ ಕ್ಯಾಲೊರಿ ಎಂದು ಅಚ್ಚಾಗಿದ್ದರೂ ಅರ್ಥ ಇದೇ ಎಂದು ವಿದ್ಯಾರ್ಥಿಗಳಿಗೆ ನೆನಪಿಸಬೇಕು. 1842ರಲ್ಲಿ ಜರ್ಮನಿಯ ಮೇಯರ್, ಅದೇ ದಶಕದಲ್ಲಿ ಇಂಗ್ಲೆಂಡಿನ ಜೂಲ್, ಉಷ್ಣ ಮತ್ತು ಕೆಲಸ ಒಂದೇ ನಾಣ್ಯದ ಎರಡು ರೂಪ ಎಂದು ಸಾಧಿಸಿದರು. ಅಲ್ಲಿಗೆ ಉಣ್ಣುವುದು, ದುಡಿಯುವುದು ಎರಡನ್ನೂ ಒಂದೇ ಅಳತೆಯಲ್ಲಿ ಬರೆಯಬಹುದಾಯಿತು.

ಬೆಟ್ಟ ಹತ್ತಿದ ಪ್ರೊಫೆಸರರು, ಮರ ಹತ್ತುವ ಕೂಲಿಗಾರ

ದುಡಿಯುವಾಗ ಮೈಯಲ್ಲಿ ಉರಿಯುವುದು ಏನು? ಸ್ನಾಯುವಿನ ಪ್ರೋಟೀನೇ ಉರಿಯುತ್ತದೆ ಎಂದು ಪ್ರಸಿದ್ಧ ರಸಾಯನಜ್ಞ ಲೀಬಿಗ್ ಹೇಳಿದ್ದ. ಅವನ ಮಾತಿಗೆ ಎದುರಾಡುವವರು ಕಡಿಮೆ. ಜ್ಯೂರಿಕ್‌ನ ಇಬ್ಬರು ಪ್ರೊಫೆಸರರು, ಅಡಾಲ್ಫ್ ಫಿಕ್ ಮತ್ತು ಯೊಹಾನ್ನೆಸ್ ವಿಸ್ಲಿಸೇನಸ್, ಇದನ್ನು ತಮ್ಮ ಮೈಮೇಲೆಯೇ ಪರೀಕ್ಷಿಸಿದರು. 1865ರ ಆಗಸ್ಟ್ 30ರಂದು ಸ್ವಿಟ್ಜರ್‌ಲ್ಯಾಂಡಿನ ಫೌಲ್‌ಹಾರ್ನ್ ಬೆಟ್ಟ ಹತ್ತಿದರು. ಹಿಂದಿನ ದಿನದಿಂದ ಪ್ರೋಟೀನು ಇಲ್ಲದ ಊಟ: ಕೊಬ್ಬಿನಲ್ಲಿ ಕರಿದ ಪಿಷ್ಟದ ಬಿಲ್ಲೆ, ಸಕ್ಕರೆ ಹಾಕಿದ ಚಹಾ. ಮೂತ್ರವನ್ನು ಸಂಗ್ರಹಿಸಿ ಅದರ ನೈಟ್ರೊಜನ್ನಿನಿಂದ ಎಷ್ಟು ಪ್ರೋಟೀನು ಒಡೆಯಿತೆಂದು ಲೆಕ್ಕ ಹಾಕಿದರು.

ಫಿಕ್‌ನ ತೂಕ 66 ಕಿಲೊ, ಏರಿದ ಎತ್ತರ 1,956 ಮೀಟರು. ಮೈಯನ್ನು ಅಷ್ಟು ಎತ್ತರಕ್ಕೆ ಎತ್ತಿದ ಕೆಲಸ 1,29,096 ಕಿಲೊಗ್ರಾಂ-ಮೀಟರು. ಒಡೆದ ಪ್ರೋಟೀನು ಸುಮಾರು 37 ಗ್ರಾಂ. ಮರುವರ್ಷ ಇಂಗ್ಲೆಂಡಿನ ಫ್ರಾಂಕ್‌ಲ್ಯಾಂಡ್ ಆಹಾರವಸ್ತುಗಳನ್ನು ಉರಿಸಿ ಉಷ್ಣ ಅಳೆದಾಗ, ಆ ಪ್ರೋಟೀನಿನಿಂದ ಏರುವ ಕೆಲಸಕ್ಕೆ ಸಾಲುವಷ್ಟು ಶಕ್ತಿ ಹುಟ್ಟದು ಎಂದು ಖಚಿತವಾಯಿತು. ಉಳಿದದ್ದು ಕೊಬ್ಬು ಮತ್ತು ಪಿಷ್ಟದಿಂದ ಬಂದಿರಲೇಬೇಕು. ಲೀಬಿಗ್‌ನ ವಾದ ಬಿತ್ತು.

ಈ ಲೆಕ್ಕವನ್ನು ನಮ್ಮ ತೋಟದಲ್ಲಿ ಮಾಡೋಣ. 60 ಕಿಲೊ ತೂಕದ ಒಬ್ಬ ಕೂಲಿಗಾರ 15 ಮೀಟರು ಎತ್ತರದ ತೆಂಗಿನ ಮರ ಹತ್ತುತ್ತಾನೆ. ಕೆಲಸ = 60 × 9.8 × 15 = 8,820 ಜೂಲು, ಅಂದರೆ 2.1 ಕಿಲೊಕ್ಯಾಲೊರಿ. ಸ್ನಾಯುವಿನ ದಕ್ಷತೆ ಸುಮಾರು ಕಾಲು ಭಾಗ. ಉಳಿದ ಮುಕ್ಕಾಲು ಬಿಸಿಯಾಗಿ ಹೋಗುತ್ತದೆ. ಆದ್ದರಿಂದ ಮೈಯಲ್ಲಿ ಉರಿಯಬೇಕಾದದ್ದು 8.4 ಕಿಲೊಕ್ಯಾಲೊರಿ. ಅದು ಸುಮಾರು ಒಂದೂಕಾಲು ಗ್ರಾಂ ಕೊಬ್ಬರಿಯ ಶಕ್ತಿ! ದಿನಕ್ಕೆ ಐವತ್ತು ಮರ ಹತ್ತಿದ ಎಂದಿಟ್ಟುಕೊಂಡರೂ ಏರಿಕೆಗೆ 420 ಕಿಲೊಕ್ಯಾಲೊರಿ. ಮೈಯಲ್ಲಿ ಶೇಖರವಾದ ಕೊಬ್ಬಿನ ಅಂಗಾಂಶ ಗ್ರಾಮಿಗೆ ಸುಮಾರು 7.7 ಕಿಲೊಕ್ಯಾಲೊರಿ ಕೊಡುತ್ತದೆ. ಹಾಗಾದರೆ ಕರಗಿದ ಕೊಬ್ಬು 55 ಗ್ರಾಂ. ಇಳಿಯುವುದು, ಮೇಲೆ ಆತು ನಿಂತು ಕಾಯಿ ಕಡಿಯುವುದು, ಇವಕ್ಕೂ ಶಕ್ತಿ ಬೇಕು ನಿಜ. ಅವನ್ನು ಸೇರಿಸಿದರೂ ಲೆಕ್ಕ ಕೆಲವು ನೂರು ಕಿಲೊಕ್ಯಾಲೊರಿ ಹೆಚ್ಚಾಗುತ್ತದೆ ಅಷ್ಟೆ.

ಆದರೆ ಅದೇ ಕೂಲಿಗಾರ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ನೀರು ಕುಡಿಯುವ ಮೊದಲು ಒಮ್ಮೆ ತಕ್ಕಡಿಯ ಮೇಲೆ ನಿಂತರೆ ಒಂದು ಕಿಲೊ ಕಡಿಮೆ ತೋರಿದರೆ ಆಶ್ಚರ್ಯವಿಲ್ಲ. ಅದು ಬೆವರು. ಎರಡು ಎಳನೀರು ಕುಡಿದರೆ ಬಹುಪಾಲು ವಾಪಸು ಬರುತ್ತದೆ. ಇದೇ ಅಟ್ಟದ ಕೊಬ್ಬರಿಯ ದಾರಿ.

ಧಾತು ಈಶ್ವರ ಬರ ಮತ್ತು ಒಂದು ಪೌಂಡು ಧಾನ್ಯ

ಫಿಕ್ ಬೆಟ್ಟ ಹತ್ತಿ ಹನ್ನೊಂದು ವರ್ಷಕ್ಕೆ, 1876ರಲ್ಲಿ, ದಕ್ಷಿಣ ಭಾರತದಲ್ಲಿ ಮಳೆ ಕೈಕೊಟ್ಟಿತು. ಧಾತು ಸಂವತ್ಸರದಲ್ಲಿ ಶುರುವಾಗಿ ಈಶ್ವರ ಸಂವತ್ಸರದುದ್ದಕ್ಕೂ ನಡೆದ ಆ ಬರವನ್ನು ಹಿರಿಯರು ಧಾತು ಈಶ್ವರ ಬರ ಎಂದೇ ಕರೆದರು. ಮೈಸೂರು ಸಂಸ್ಥಾನ ಆಗ ಬ್ರಿಟಿಷ್ ಕಮಿಷನರ ಆಳ್ವಿಕೆಯಲ್ಲಿತ್ತು. ತುಮಕೂರು, ಕೋಲಾರ, ಬೆಂಗಳೂರು, ಚಿತ್ರದುರ್ಗ ಸೀಮೆಗಳು ಹೆಚ್ಚು ನೊಂದವು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50,55,412. 1881ರಲ್ಲಿ 41,86,188. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ಜನಸಂಖ್ಯೆ ಎಂಟೂವರೆ ಲಕ್ಷಕ್ಕೂ ಹೆಚ್ಚು ಕುಸಿದಿತ್ತು.

ಸರ್ಕಾರ ಪರಿಹಾರ ಕಾಮಗಾರಿಗಳನ್ನು ತೆರೆಯಿತು. ಬೆಂಗಳೂರು-ಮೈಸೂರು ರೈಲು ದಾರಿಯ ಮಣ್ಣು ಕೆಲಸ ಅವುಗಳಲ್ಲಿ ಒಂದು. ಹಸಿದವನು ಮಣ್ಣು ಅಗೆಯಬೇಕು, ಜಲ್ಲಿ ಒಡೆಯಬೇಕು, ಕೂಲಿ ಪಡೆಯಬೇಕು. ಎಷ್ಟು ಕೂಲಿ? 1877ರ ಆರಂಭದಲ್ಲಿ ವೈಸರಾಯ್ ಲಿಟ್ಟನ್ ಕಳಿಸಿದ ಪ್ರತಿನಿಧಿ ಸರ್ ರಿಚರ್ಡ್ ಟೆಂಪಲ್ ದಕ್ಷಿಣಕ್ಕೆ ಬಂದ. 1873-74ರ ಬಿಹಾರದ ಬರದಲ್ಲಿ ಧಾರಾಳವಾಗಿ ಅಕ್ಕಿ ತರಿಸಿದ್ದಕ್ಕೆ ದುಂದುಗಾರನೆಂಬ ಟೀಕೆ ತಿಂದವನು ಅವನು. ಈ ಸಲ ಬಿಗಿ ಹಿಡಿದ. ಕೆಲಸಗಾರ ಗಂಡಸಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ, ಜೊತೆಗೆ ಒಂದಾಣೆ. ಹೆಂಗಸಿಗೆ, ದುಡಿಯುವ ಮಕ್ಕಳಿಗೆ ಅದಕ್ಕೂ ಕಡಿಮೆ. ಮದ್ರಾಸ್ ಪ್ರಾಂತದಲ್ಲಿ ಇದು ಜಾರಿಗೆ ಬಂತು. ನಮ್ಮ ಬಳ್ಳಾರಿ ಆಗ ಅದೇ ಪ್ರಾಂತದಲ್ಲಿತ್ತು.

ಇದನ್ನು ನೇರವಾಗಿ ವಿರೋಧಿಸಿದವನು ಮದ್ರಾಸಿನ ನೈರ್ಮಲ್ಯ ಕಮಿಷನರ್ ಡಾ. ಡಬ್ಲ್ಯು. ಆರ್. ಕಾರ್ನಿಷ್. ಆ ಪ್ರಾಂತದ ಜನ ಏನು ಉಣ್ಣುತ್ತಾರೆ ಎಂಬುದರ ಮೇಲೆ 1863ರಲ್ಲೇ ವರದಿ ಸಿದ್ಧಪಡಿಸಿದ್ದವನು ಅವನು. ದುಡಿಯುವವನಿಗೆ ಕನಿಷ್ಠ ಒಂದೂವರೆ ಪೌಂಡು ಧಾನ್ಯ, ಜೊತೆಗೆ ಬೇಳೆ, ತರಕಾರಿ ಬೇಕು ಎಂದು ವಾದಿಸಿದ. ವಾದ ವಿವಾದದ ಬಳಿಕ ಅದೇ ವರ್ಷ ಮದ್ರಾಸ್ ಸರ್ಕಾರ ಒಂದೂಕಾಲು ಪೌಂಡಿಗೆ ಏರಿಸಿ ಸ್ವಲ್ಪ ಬೇಳೆ ಸೇರಿಸಿತು. ಕಾರ್ನಿಷ್ ಕೇಳಿದ್ದರ ಅರ್ಧ ದಾರಿ ಅದು.

ಇಂದಿನ ಕೋಷ್ಟಕ ಹಿಡಿದು ಈ ಜಗಳವನ್ನು ನಾವೇ ತೀರ್ಮಾನಿಸಬಹುದು. ಒಂದು ಪೌಂಡು ಅಂದರೆ 454 ಗ್ರಾಂ. ರಾಗಿಯಾದರೆ, 100 ಗ್ರಾಮಿಗೆ 328ರಂತೆ, ಸುಮಾರು 1,490 ಕಿಲೊಕ್ಯಾಲೊರಿ. 50 ಕಿಲೊ ತೂಕದ ಮನುಷ್ಯ ಏನೂ ಮಾಡದೆ ಮಲಗಿದ್ದರೂ ಎದೆ ಬಡಿಯಲು, ಉಸಿರಾಡಲು, ಮೈ ಬೆಚ್ಚಗಿರಲು ಸುಮಾರು 1,300 ಕಿಲೊಕ್ಯಾಲೊರಿ ಬೇಕು. ಮಿಕ್ಕಿದ್ದು 190. ದಿನವಿಡೀ ಮಣ್ಣು ಅಗೆಯುವವನ ಒಟ್ಟು ಖರ್ಚು ವಿಶ್ರಾಂತಿಯ ಖರ್ಚಿನ ಸುಮಾರು ಎರಡರಷ್ಟು, ಅಂದರೆ 2,600. ಬರದ ಬೆಲೆಯಲ್ಲಿ ಒಂದಾಣೆಗೆ ಉಪ್ಪು, ಮೆಣಸಿನಕಾಯಿಯ ಮೇಲೆ ಇನ್ನೆಷ್ಟು ಬಂದೀತು? ದಿನಕ್ಕೆ ಸಾವಿರದಷ್ಟು ಕಿಲೊಕ್ಯಾಲೊರಿ ಮೈಯಿಂದಲೇ ಹೋಗಬೇಕು.

ಸ್ಥೂಲಕಾಯದವನಿಗಾದರೆ ಅಷ್ಟು ಕೊರತೆಯನ್ನು ದಿನಕ್ಕೆ ಸುಮಾರು 130 ಗ್ರಾಂ ಕೊಬ್ಬು ತುಂಬುತ್ತದೆ. ಬರಗಾಲದ ರೈತನ ಮೈಯಲ್ಲಿ ಕೊಬ್ಬು ಎಷ್ಟಿತ್ತು? ಅದು ಮುಗಿಯುತ್ತ ಬಂದಂತೆ ಸ್ನಾಯು ಕರಗುತ್ತದೆ. ಸ್ನಾಯುವಿನಲ್ಲಿ ಮುಕ್ಕಾಲು ಭಾಗ ನೀರು. ಒಂದು ಕಿಲೊ ಸ್ನಾಯು ಉರಿದರೆ ಸಿಗುವುದು ಸುಮಾರು ಸಾವಿರ ಕಿಲೊಕ್ಯಾಲೊರಿ ಮಾತ್ರ. ಆದ್ದರಿಂದ ಕೊರತೆ ಅಷ್ಟೇ ಇದ್ದರೂ ಬಡಕಲು ಮೈಯ ತೂಕ ಬಹಳ ಬೇಗ ಇಳಿಯುತ್ತದೆ. ಹೃದಯವೂ ಸ್ನಾಯುವೇ ಎಂಬುದನ್ನು ಮರೆಯಬಾರದು. ಮದ್ರಾಸಿನ ಪರಿಹಾರ ಶಿಬಿರದಲ್ಲಿದ್ದ ಡಾ. ಅಲೆಕ್ಸಾಂಡರ್ ಪೋರ್ಟರ್ ಸತ್ತವರ ಅಂಗಾಂಗಗಳನ್ನು ತೂಗಿ ದಾಖಲಿಸಿ, 1889ರಲ್ಲಿ ಆ ಬರದ ಕಾಯಿಲೆಗಳ ಬಗ್ಗೆ ಪುಸ್ತಕವನ್ನೇ ಪ್ರಕಟಿಸಿದ. ಕೈಕಾಲು ಊದಿದ ಹಸಿದವರೂ ಇರುತ್ತಿದ್ದರು. ಊತವೆಂದರೆ ನೀರು. ತಕ್ಕಡಿಯಲ್ಲಿ ಅವರ ತೂಕ ಇಳಿದಂತೆ ತೋರದು, ಒಳಗೆ ಮೈ ಮಾತ್ರ ಖಾಲಿಯಾಗಿರುತ್ತದೆ.

1880ರ ಬರ ಆಯೋಗದ ವರದಿಯಿಂದ ಬರ ಸಂಹಿತೆಗಳು ಹುಟ್ಟಿದವು. ಕೆಲಸಕ್ಕೆ ತಕ್ಕ ಪಡಿ ಎಂಬುದು ಲಿಖಿತ ನಿಯಮವಾಯಿತು.

ಮುಚ್ಚಿದ ಕೋಣೆಯ ಲೆಕ್ಕ

ಕಾರ್ನಿಷ್‌ಗೆ ಇಲ್ಲದಿದ್ದ ಕ್ಯಾಲೊರಿ ಕೋಷ್ಟಕ ಮುಂದಿನ ಇಪ್ಪತ್ತು ವರ್ಷಗಳಲ್ಲಿ ತಯಾರಾಯಿತು. 1894ರಲ್ಲಿ ಜರ್ಮನಿಯ ಮ್ಯಾಕ್ಸ್ ರುಬ್ನರ್ ನಾಯಿಯನ್ನು ಕ್ಯಾಲೊರಿಮಾಪಕದಲ್ಲಿಟ್ಟು, ಅದು ತಿಂದ ಆಹಾರದ ಶಕ್ತಿಗೂ ಹೊರಬಿಟ್ಟ ಉಷ್ಣಕ್ಕೂ ನೂರಕ್ಕೆ ಒಂದರಷ್ಟೂ ವ್ಯತ್ಯಾಸವಿಲ್ಲ ಎಂದು ತೋರಿಸಿದ. ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾನಿಲಯದಲ್ಲಿ ವಿಲ್ಬರ್ ಆಟ್‌ವಾಟರ್ ಮತ್ತು ಭೌತವಿಜ್ಞಾನಿ ಎಡ್ವರ್ಡ್ ರೋಸಾ ಮನುಷ್ಯನೇ ಒಳಗೆ ವಾಸಿಸಬಹುದಾದ ತಾಮ್ರದ ಕೋಣೆ ಕಟ್ಟಿದರು. ಒಳಗಿದ್ದವನು ದಿನಗಟ್ಟಲೆ ಉಂಡ, ಮಲಗಿದ, ಸೈಕಲು ತುಳಿದ. ಅಲ್ಲೂ ಜಮಾ-ಖರ್ಚು ಸರಿಹೊಂದಿತು. ಗ್ರಾಂ ಪ್ರೋಟೀನಿಗೆ 4, ಪಿಷ್ಟ-ಸಕ್ಕರೆಗೆ 4, ಕೊಬ್ಬಿಗೆ 9 ಎಂದು ನೀವು ಪಾಠದಲ್ಲಿ ಹೇಳುವ ಅಂಕಿಗಳು ಆಟ್‌ವಾಟರ್ ಕೊಟ್ಟವು.

ಭಾರತದ ಆಹಾರಗಳಿಗೆ ಇದೇ ಕೆಲಸ ನಡೆದದ್ದು ನೀಲಗಿರಿಯ ಕೂನೂರಿನಲ್ಲಿ. ಅಲ್ಲಿನ ಪೋಷಣ ಸಂಶೋಧನಾಲಯದ ನಿರ್ದೇಶಕ ಡಬ್ಲ್ಯು. ಆರ್. ಐಕ್ರಾಯ್ಡ್ 1937ರಲ್ಲಿ ನಮ್ಮ ಧಾನ್ಯ, ಬೇಳೆ, ಕಾಯಿಪಲ್ಲೆಗಳ ಪೋಷಕಮೌಲ್ಯದ ಕೈಪಿಡಿ ಹೊರತಂದ. 1943ರ ಬಂಗಾಳ ಬರದ ವಿಚಾರಣಾ ಆಯೋಗದಲ್ಲಿ ಅವನೂ ಸದಸ್ಯನಾಗಿದ್ದ. ಆ ಸಂಶೋಧನಾಲಯ 1958ರಲ್ಲಿ ಹೈದರಾಬಾದಿಗೆ ಬಂದು, ಮುಂದೆ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು.

ಮಿನ್ನೆಸೋಟದ ಮೂವತ್ತಾರು ಜನ

ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಯುರೋಪಿನ ಹಸಿದವರಿಗೆ ಹೇಗೆ ಉಣಬಡಿಸಬೇಕು ಎಂದು ತಿಳಿಯಬೇಕಿತ್ತು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್, ಯುದ್ಧ ಮಾಡಲೊಪ್ಪದ 36 ಯುವಕರನ್ನು ಅವರ ಒಪ್ಪಿಗೆಯಿಂದ ಅರೆಹೊಟ್ಟೆಯಲ್ಲಿಟ್ಟ. ಮೊದಲು ದಿನಕ್ಕೆ ಸುಮಾರು 3,490 ಕಿಲೊಕ್ಯಾಲೊರಿ ಉಣ್ಣುತ್ತಿದ್ದವರಿಗೆ 1945ರ ಫೆಬ್ರುವರಿಯಿಂದ 24 ವಾರ ಸರಾಸರಿ 1,570 ಕೊಟ್ಟರು. ಟೆಂಪಲ್ ನಿಗದಿ ಮಾಡಿದ ಒಂದು ಪೌಂಡು ಧಾನ್ಯಕ್ಕೆ ಈ ಅಂಕಿ ಎಷ್ಟು ಹತ್ತಿರ ಎಂಬುದನ್ನು ಗಮನಿಸಿ. ಇವರು ಜಲ್ಲಿ ಒಡೆಯಲಿಲ್ಲ, ವಾರಕ್ಕೆ ಸುಮಾರು 35 ಕಿಲೊಮೀಟರು ನಡೆದರು. ವೈದ್ಯರು ಪಕ್ಕದಲ್ಲೇ ಇದ್ದರು. ಆದರೂ ತೂಕ ಸರಾಸರಿ 69 ಕಿಲೊದಿಂದ 53ಕ್ಕೆ ಇಳಿಯಿತು, ಕಾಲು ಊದಿತು, ಬಲ ಕುಂದಿತು, ಹಗಲಿರುಳೂ ಊಟದ್ದೇ ಯೋಚನೆ.

ಇಲ್ಲೊಂದು ಲೆಕ್ಕ ಮಾಡಿ. ದಿನದ ಕೊರತೆ 3,490 - 1,570 = 1,920. ಇದನ್ನು 168 ದಿನಗಳಿಂದ ಗುಣಿಸಿ, ಕಿಲೊ ಕೊಬ್ಬಿನ 7,700ರಿಂದ ಭಾಗಿಸಿದರೆ 42 ಕಿಲೊ ಇಳಿಯಬೇಕಿತ್ತು! ನಿಜವಾಗಿ ಇಳಿದದ್ದು 16-17. ಹಾಗಾದರೆ ಶಕ್ತಿಯ ನಿತ್ಯತೆ ಸುಳ್ಳೆ? ಅಲ್ಲ. ನಾವು ಖರ್ಚನ್ನು 3,490ರಲ್ಲೇ ನಿಲ್ಲಿಸಿ ಲೆಕ್ಕ ಹಾಕಿದ್ದು ತಪ್ಪು. ಮೈ ಸಣ್ಣದಾದಂತೆ ಅದನ್ನು ಸಾಕುವ ಖರ್ಚು ಇಳಿಯುತ್ತದೆ, ಎತ್ತಿ ನಡೆಯುವ ಭಾರ ಇಳಿಯುತ್ತದೆ, ಚಟುವಟಿಕೆ ತಾನಾಗಿಯೇ ಕುಗ್ಗುತ್ತದೆ. ವಿಶ್ರಾಂತಿಯ ಶಕ್ತಿವ್ಯಯವೇ ನೂರಕ್ಕೆ ಸುಮಾರು 40ರಷ್ಟು ಇಳಿದಿತ್ತು. ಜಮೆ ಕಡಿಮೆಯಾದಾಗ ಖರ್ಚೂ ಕಡಿಮೆಯಾಗುವ ಖಾತೆ ಇದು.

ಬೆಂಗಳೂರಿನ ಪ್ರಶ್ನೆ

ಮೈ ಹೀಗೆ ಹೊಂದಿಕೊಳ್ಳುತ್ತದೆ ಎಂದಾದರೆ, ಕಡಿಮೆ ಉಣ್ಣುವ ಬಡವರೆಲ್ಲ ಹಸಿದವರೇ? 1970 ಮತ್ತು 80ರ ದಶಕಗಳಲ್ಲಿ ಸಂಖ್ಯಾಶಾಸ್ತ್ರಜ್ಞ ಪಿ. ವಿ. ಸುಖಾತ್ಮೆ ಈ ಪ್ರಶ್ನೆ ಎತ್ತಿದರು. ಒಬ್ಬನೇ ವ್ಯಕ್ತಿಯ ಅಗತ್ಯ ಕಾಲಕಾಲಕ್ಕೆ ಬದಲಾಗುತ್ತದೆ, ಸರಾಸರಿ ಅಗತ್ಯಕ್ಕಿಂತ ಕಡಿಮೆ ಉಂಡವರನ್ನೆಲ್ಲ ಹಸಿದವರೆಂದು ಎಣಿಸಿದರೆ ಸಂಖ್ಯೆ ಉಬ್ಬುತ್ತದೆ ಎಂಬುದು ಅವರ ವಾದ. ಪೋಷಣವಿಜ್ಞಾನಿ ಸಿ. ಗೋಪಾಲನ್ ಮೊದಲಾದವರು ಒಪ್ಪಲಿಲ್ಲ. ಇದು ಬರೀ ಪಂಡಿತರ ಜಗಳವಾಗಿರಲಿಲ್ಲ. 1979ರಲ್ಲಿ ಯೋಜನಾ ಆಯೋಗದ ಕಾರ್ಯಪಡೆ ಹಳ್ಳಿಗೆ 2,400, ಪಟ್ಟಣಕ್ಕೆ 2,100 ಕಿಲೊಕ್ಯಾಲೊರಿಯನ್ನು ಆಧಾರವಾಗಿಟ್ಟು ಬಡತನದ ರೇಖೆ ಎಳೆದಿತ್ತು. ಕ್ಯಾಲೊರಿಯ ಅಂಕಿ ಬದಲಾದರೆ ಬಡವರ ಸಂಖ್ಯೆಯೂ ಬದಲಾಗುತ್ತಿತ್ತು.

ಉತ್ತರಕ್ಕೆ ಅಳತೆ ಬೇಕಿತ್ತು. ಅದನ್ನು ಮಾಡಿದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಕಾಶ್ ಶೆಟ್ಟಿ ಮತ್ತು ಸಂಗಡಿಗರು ಮುಖ್ಯರು. ದೀರ್ಘಕಾಲ ಅರೆಹೊಟ್ಟೆಯಲ್ಲಿ ಬೆಳೆದ ಕೂಲಿಗಾರರ ವಿಶ್ರಾಂತಿಯ ಶಕ್ತಿವ್ಯಯವನ್ನು, ಅಂದರೆ ಮೂಲ ಚಯಾಪಚಯ ದರವನ್ನು, ಅವರು ಉಸಿರಿನ ಅನಿಲಗಳಿಂದ ಅಳೆದರು. ಒಟ್ಟು ವ್ಯಯ ಕಡಿಮೆಯಿತ್ತು ನಿಜ. ಕಿಲೊ ತೂಕಕ್ಕೆ ಲೆಕ್ಕ ಹಾಕಿದರೆ ಹೆಚ್ಚೇ ಬಂತು! ಕೊಬ್ಬಿಲ್ಲದ ಮೈಯಲ್ಲಿ ಸದಾ ದುಡಿಯುವ ಅಂಗಗಳ ಪಾಲು ಹೆಚ್ಚು ಎಂಬುದೇ ಕಾರಣ. 1984ರಲ್ಲಿ ಪ್ರಕಟವಾದ ಮೊದಲ ಅಧ್ಯಯನದಲ್ಲಿ ಉಳಿತಾಯದ ಸುಳಿವಿತ್ತು. ಸೋರೆಸ್ ಮತ್ತು ಶೆಟ್ಟಿ 1991ರಲ್ಲಿ ಮೈಗಾತ್ರ, ಕೊಬ್ಬುರಹಿತ ಮೈತೂಕಗಳಿಗೆ ಸರಿಹೊಂದಿಸಿ ನೋಡಿದಾಗ ವಿಶೇಷ ಮಿತವ್ಯಯವೇನೂ ಉಳಿಯಲಿಲ್ಲ. ಸರಳವಾಗಿ ಹೇಳುವುದಾದರೆ, ಬಡವನ ಮೈ ಕಡಿಮೆ ಉರಿಸುತ್ತಿದ್ದದ್ದು ಅದು ಚಿಕ್ಕ ಮೈ ಆಗಿದ್ದರಿಂದ. ಚಿಕ್ಕದಾದದ್ದೇ ಅದು ತೆತ್ತ ಬೆಲೆ.

ಹಳೆಯ ಸೂತ್ರಕ್ಕೆ ತಿದ್ದುಪಡಿ

ಇನ್ನೊಂದು ತುದಿಗೆ ಬರೋಣ. ಇಂದು ತಿಪಟೂರಿನ ಪೇಟೆಯಲ್ಲೂ ತೂಕ ಇಳಿಸುವ ಜಾಹೀರಾತುಗಳಿವೆ. ಅವುಗಳ ಹಿಂದೆ ಒಂದು ಹಳೆಯ ಸೂತ್ರವಿದೆ. 1958ರಲ್ಲಿ ಮ್ಯಾಕ್ಸ್ ವಿಶ್ನೊಫ್‌ಸ್ಕಿ ಎಂಬ ಅಮೆರಿಕದ ವೈದ್ಯ, ಒಂದು ಪೌಂಡು ಮೈತೂಕ 3,500 ಕಿಲೊಕ್ಯಾಲೊರಿಗೆ ಸಮ ಎಂದು ಬರೆದ. ಕಿಲೊಗೆ 7,700 ಎಂಬುದು ಇದೇ. ದಿನಕ್ಕೆ 15 ಗ್ರಾಂ ಕೊಬ್ಬರಿ, ಅಂದರೆ 100 ಕಿಲೊಕ್ಯಾಲೊರಿ ಬಿಟ್ಟರೆ ವರ್ಷಕ್ಕೆ 4.7 ಕಿಲೊ, ಹತ್ತು ವರ್ಷಕ್ಕೆ 47 ಕಿಲೊ ಇಳಿಯಬೇಕು! ಇದು ಆಗದ ಮಾತು ಎಂದು ನಿಮಗೇ ಹೊಳೆಯುತ್ತದೆ. 2011ರಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು ಗಣಿತ ಮಾದರಿಯಿಂದ ಇದನ್ನು ತಿದ್ದಿದರು. ಅಧಿಕ ತೂಕದ ವಯಸ್ಕರಲ್ಲಿ ದಿನಕ್ಕೆ ಸುಮಾರು 24 ಕಿಲೊಕ್ಯಾಲೊರಿಯ ಶಾಶ್ವತ ಕಡಿತಕ್ಕೆ ಕೊನೆಗೆ ಒಂದು ಕಿಲೊ. ಅದರಲ್ಲಿ ಅರ್ಧ ಮೊದಲ ವರ್ಷದಲ್ಲಿ, ಬಹುಪಾಲು ಮೂರು ವರ್ಷಗಳಲ್ಲಿ. 15 ಗ್ರಾಂ ಕೊಬ್ಬರಿ ಬಿಟ್ಟವನು ಒಟ್ಟು ನಾಲ್ಕು ಕಿಲೊ ಇಳಿದು ನಿಲ್ಲುತ್ತಾನೆ. ಮತ್ತೆ ತಿನ್ನತೊಡಗಿದರೆ ಅದೂ ವಾಪಸು ಬರುತ್ತದೆ.

ಉರಿದ ಕೊಬ್ಬು ಎಲ್ಲಿಗೆ ಹೋಗುತ್ತದೆ? ಆಸ್ಟ್ರೇಲಿಯದ ರೂಬೆನ್ ಮೀರ್ಮನ್, ಆಂಡ್ರ್ಯೂ ಬ್ರೌನ್ 2014ರಲ್ಲಿ ವೈದ್ಯರು, ಆಹಾರತಜ್ಞರು ಮೊದಲಾದವರನ್ನು ಕೇಳಿದಾಗ ಹೆಚ್ಚಿನವರು ಅದು ಶಕ್ತಿಯಾಗಿ ಮಾರ್ಪಡುತ್ತದೆ ಎಂದರು. ರಾಸಾಯನಿಕ ಕ್ರಿಯೆಯಲ್ಲಿ ದ್ರವ್ಯ ಎಲ್ಲೂ ಹೋಗದು ಎಂದು ತೋರಿಸಿಕೊಟ್ಟವನು ಲವಾಸಿಯೆಯೇ ಅಲ್ಲವೆ? 10 ಕಿಲೊ ಕೊಬ್ಬು ಉರಿಯಲು 29 ಕಿಲೊ ಆಕ್ಸಿಜನ್ ಬೇಕು. ಹುಟ್ಟುವುದು 28 ಕಿಲೊ ಕಾರ್ಬನ್ ಡೈಆಕ್ಸೈಡು, 11 ಕಿಲೊ ನೀರು. ಆ ಹತ್ತು ಕಿಲೊದ 8.4 ಕಿಲೊ ಉಸಿರಾಗಿಯೇ ಹೊರಹೋಗುತ್ತದೆ. ಸ್ಯಾಂಟೋರಿಯೊನ ತಕ್ಕಡಿಯಲ್ಲಿ ಕಾಣೆಯಾದದ್ದರ ಒಂದು ಪಾಲು ಇಲ್ಲಿದೆ.

ತರಗತಿಯಲ್ಲಿ ಮಾಡಿ ನೋಡಿ

ಒಂದು ಗ್ರಾಂ ಒಣ ಕೊಬ್ಬರಿಯನ್ನು ಸೂಜಿಗೆ ಚುಚ್ಚಿ ಹೊತ್ತಿಸಿ, 100 ಮಿಲಿಲೀಟರು ನೀರಿರುವ ಸಣ್ಣ ತೆಳು ಪಾತ್ರೆಯ ಕೆಳಗೆ ಹಿಡಿಯಿರಿ. ಬೆಂಕಿಯ ಕೆಲಸವಾದ್ದರಿಂದ ಅಧ್ಯಾಪಕರು ಪಕ್ಕದಲ್ಲಿರಬೇಕು. ಎಲ್ಲ ಉಷ್ಣವೂ ನೀರಿಗೇ ಸೇರಿದರೆ ಉಷ್ಣತೆ 66 ಡಿಗ್ರಿ ಏರಬೇಕು. ನಿಮಗೆ ಅದರ ಅರ್ಧವೂ ಸಿಗದಿರಬಹುದು. ಉಳಿದದ್ದು ಎಲ್ಲಿ ಹೋಯಿತು ಎಂದು ಮಕ್ಕಳನ್ನು ಕೇಳಿ. ಆಟ್‌ವಾಟರ್ ಏಕೆ ಮುಚ್ಚಿದ ಕೋಣೆ ಕಟ್ಟಿದ ಎಂಬುದಕ್ಕೆ ಅವರೇ ಉತ್ತರ ಹೇಳುತ್ತಾರೆ. ಇನ್ನೊಂದು ದಿನ ಕಬಡ್ಡಿ ಆಟಕ್ಕೆ ಮೊದಲು, ಆಟದ ನಂತರ, ನೀರು ಕುಡಿದ ಮೇಲೆ, ಹೀಗೆ ಮೂರು ಸಲ ತೂಕ ಬರೆದುಕೊಳ್ಳಿ. ತಕ್ಕಡಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದು ಅಲ್ಲಿಗೆ ತಿಳಿಯುತ್ತದೆ.

2020ರಲ್ಲಿ ಪರಿಷ್ಕೃತವಾದ ಭಾರತೀಯ ಶಿಫಾರಸಿನ ಪ್ರಕಾರ 65 ಕಿಲೊ ತೂಕದ ಗಂಡಸು ಕೂತು ಕೆಲಸ ಮಾಡಿದರೆ ದಿನಕ್ಕೆ 2,110 ಕಿಲೊಕ್ಯಾಲೊರಿ, ಶ್ರಮದ ಕೆಲಸ ಮಾಡಿದರೆ 3,470 ಬೇಕು. ಇವೆರಡರ ನಡುವಿನ ವ್ಯತ್ಯಾಸ 1,360. ಕೊಬ್ಬರಿಯ ಲೆಕ್ಕದಲ್ಲಿ ಇನ್ನೂರು ಗ್ರಾಮಿಗೂ ಹೆಚ್ಚು. ಅಂಗಡಿಯಲ್ಲಿ ಕೂತು ಕೊಬ್ಬರಿ ತೂಗುವವನು ತೂಕ ಇಳಿಸುವ ಮಾತಾಡುವಾಗ, ಮರ ಹತ್ತಿ ಕಾಯಿ ಕೆಡವಿದವನಿಗೆ ಆ ದಿನದ ಊಟ ಸಾಲುತ್ತದೆಯೆ ಎಂದು ಕೇಳುವುದೂ ಅದೇ ಶಾಸ್ತ್ರದ ಭಾಗ. ಲವಾಸಿಯೆ 1789ರಲ್ಲಿ ಕೇಳಿದ್ದೂ ಅದನ್ನೇ.